ನೆಗ್ಗಿದ ಸೌಟು

ಇವತ್ತು ಬೆಳಿಗ್ಗೆ ಅಟ್ಟ ಗುಡಿಸುವಾಗ ಉದ್ದ ಹಿಡಿಯ ಅಲ್ಯುಮಿನಿಯಂ ಸೌಟೊಂದು ಜಾರಿ ನನ್ನ ತಲೆಯ ಮೇಲೆ ಬಿತ್ತು. ಅದರ ಅಂಚು ನೆಗ್ಗಿದೆ. ನನ್ನ ತಲೆಗೆ ಬಡಿದು ನೆಗ್ಗಿದ್ದಲ್ಲ, ತೊಂಬತ್ತರ ದಶಕದಲ್ಲೇ ನೆಗ್ಗಿತ್ತು. ಕೆಳಗಿನಿಂದ ಹೆಂಡತಿ, "ಅದನ್ನ ಗುಜರಿಗೆ ಹಾಕ್ರೀ. ಆಮೇಲೆ ಅಂಗಡಿಗೆ ಹೋಗಿ ಬನ್ನಿ. ಬರ್ಕೊಳ್ಳಿ, ತೊಗರಿಬೇಳೆ ಒಂದು ಕೆಜಿ" ಎಂದಳು. ನಾನು ಕಡಲೆಬೇಳೆ ಎಂದು ಬರೆದೆ. ಹಬ್ಬ ಹತ್ತಿರವಿದೆ, ಅವಳಿಗೆ ಬೇಕಾದದ್ದು ಅದೇ ಇರಬೇಕೆಂದು ನನಗನ್ನಿಸಿತು. ಈ ಅಭ್ಯಾಸದ ಕತೆಯನ್ನೇ ನಿಮಗೆ ಹೇಳಬೇಕು.

ಆಗ ನಾನು ಶಿಕಾರಿಪುರ, ಸೊರಬ ಸೀಮೆಯಲ್ಲಿ ಒಂದು ಆರೋಗ್ಯ ಯೋಜನೆಯ ಟಿಪ್ಪಣಿ ಬರೆಯುವವನು. ಕಾರ್ಯಕ್ರಮವನ್ನು ಜನರೇ ನಮ್ಮ ಜೊತೆ ಕೂತು ರೂಪಿಸಬೇಕು ಎಂಬುದು ಅದರ ಹೆಗ್ಗಳಿಕೆ. ಶಿರಾಳಕೊಪ್ಪದಾಚೆ ಬಸ್ಸಿಳಿದು ಎರಡು ಮೈಲಿ ನಡೆದರೆ ಸಿಗುವ ಹಳ್ಳಿಯಲ್ಲಿ, ಹೆಂಗಸರನ್ನು ಶಾಲೆಯ ಜಗಲಿಯಲ್ಲಿ ಸೇರಿಸಿ ಕೇಳಿದೆವು: ಮಕ್ಕಳು ಕುಡಿಯುವ ನೀರಿಗೆ ಕೈ ಅದ್ದಿ ಭೇದಿ ಹರಡುತ್ತಿದೆ, ಏನು ಮಾಡೋಣ? ಅವರು ಮಧ್ಯಾಹ್ನದವರೆಗೂ ಮಾತಾಡಿದರು. ನಾನು ಬರೆದುಕೊಂಡೆ. ಕೈ ಅದ್ದದೆ ನೀರು ತೋಡಲೆಂದು ಮನೆಗೊಂದು ಉದ್ದ ಹಿಡಿಯ ಸೌಟು ಹಂಚಿದೆವು.

ವರ್ಷವಾದ ಮೇಲೆ ಮೌಲ್ಯಮಾಪನಕ್ಕೂ ನನ್ನನ್ನೇ ಕಳಿಸಿದರು. ಬರೆದವನೇ ಅಂಕ ಕೊಡುವುದು ಎಷ್ಟು ಸುಖ ನೋಡಿ. ಆ ಊರಿನ ನರ್ಸಮ್ಮ ಗಿರಿಜಾಗೆ ಮಾತ್ರ ಅದು ಸುಖದ ದಿನವಾಗಿರಲಿಲ್ಲ. ಆಕೆಯದು ಹಂಗಾಮಿ ಕೆಲಸ. ಸೌಟು ಬಳಕೆಯಲ್ಲಿಲ್ಲ ಎಂದು ವರದಿ ಹೋದರೆ ಕೆಲಸ ಹೋಗುತ್ತಿತ್ತು. ಇದು ಊರಿಗೆಲ್ಲ ಗೊತ್ತಿತ್ತು.

ಮೊದಲ ಮನೆಯಲ್ಲಿ ನೀರಿನ ಕೊಡದ ಪಕ್ಕ ಸೌಟು ಫಳಫಳ ಹೊಳೆಯುತ್ತ ಮೊಳೆಗೆ ನೇತಾಡುತ್ತಿತ್ತು. "ದಿನಾ ಇದರಾಗೇ ನೀರು ತೋಡತೀವ್ರಿ" ಎಂದಳು ಮನೆಯಾಕೆ. ಎರಡನೆಯ ಮನೆಯಲ್ಲೂ ಹಾಗೇ. ಪ್ರತಿ ಮನೆಯಲ್ಲೂ ಚಹಾ, ಮಂಡಕ್ಕಿ ಕೊಟ್ಟು ನನ್ನನ್ನು ಅರ್ಧ ಗಂಟೆ ಜಗಲಿಯಲ್ಲೇ ಕೂರಿಸುತ್ತಿದ್ದರು. ಆ ಆದರಕ್ಕೆ ನನ್ನ ಕಣ್ಣು ತುಂಬಿ ಬಂತು. ಆರನೆಯ ಮನೆಯಲ್ಲಿ ಮಾತ್ರ, ಊರಿನ ಸೌಟುಗಳೆಲ್ಲ ಒಂದೇ ಜಾಗದಲ್ಲಿ ನೆಗ್ಗಿರುವುದು ಹೇಗೆ ಎಂಬ ಯೋಚನೆ ಬಂತು. ನಾನು ಚುರುಕು ಎಂದು ಆಗಲೂ ಯಾರೂ ಹೇಳಿರಲಿಲ್ಲ.

ಏಳನೆಯದು ಕುರಿ ಸಾಕುವ ಬಸಮ್ಮಜ್ಜಿಯ ಮನೆ. ಚಹಾ ಬೇಡವೆಂದು ಸೀದಾ ಹಿತ್ತಲಿಗೆ ಹೋದೆ. ಆರನೆಯ ಮನೆಯ ಕಡೆಯಿಂದ ಗೋಡೆಯ ಮೇಲೆ ಒಂದು ಕೈ ಅದೇ ನೆಗ್ಗಿದ ಸೌಟನ್ನು ಚಾಚಿತ್ತು, ಈಚೆಯಿಂದ ಗಿರಿಜಾ ಅದನ್ನು ಹಿಡಿದಿದ್ದಳು. ನನ್ನನ್ನು ಕಂಡರೂ ಇಬ್ಬರೂ ಬಿಡಲಿಲ್ಲ.

"ನನ್ನ ಹೊಟ್ಟೆ ಮೇಲೆ ಹೊಡೀಬ್ಯಾಡ್ರಿ ಸರ್" ಎಂದಳು ಗಿರಿಜಾ.

"ಬಾಕಿ ಸೌಟೆಲ್ಲ ಎಲ್ಲಿ ಅಜ್ಜಿ?" ಎಂದು ನನ್ನ ಹಿಂದೆಯೇ ಬಂದ ಬಸಮ್ಮಜ್ಜಿಯನ್ನು ಕೇಳಿದೆ.

"ನಂದು ಕುರಿಮರಿಗೆ ಔಷಧಿ ಕುಡಿಸಾಕ ಆತು. ಉಳಿದೋರು ಸುಣ್ಣ ಕಲಸಾಕ ಇಟ್ಕಂಡಾರ. ಹುಡುಗ್ರು ಸೌಟೂ ಅದ್ದತಾವು, ಕೈಯೂ ಅದ್ದತಾವು. ಕೊಡಕ್ಕ ಒಂದು ನಳ ಕೂರಿಸಿ ಕೊಡ್ರಿ, ಯಾರೂ ಒಳಗ ಕೈ ಹಾಕಂಗಿಲ್ಲ ಅಂತ ಅವತ್ತೇ ಹೇಳಿದ್ವಲ್ಲ ತಮ್ಮಾ? ತಲೆ ಅಲ್ಲಾಡಿಸಿ ಬರಕೊಂಡೋನು ನೀನೇ."

ಆ ಸಭೆಯ ಟಿಪ್ಪಣಿ ಪುಸ್ತಕ ಚೀಲದಲ್ಲೇ ಇತ್ತು. ತೆಗೆದು ನೋಡಿದರೆ ನನ್ನದೇ ದುಂಡು ಅಕ್ಷರ: ಹೆಂಗಸರ ಒಕ್ಕೊರಲ ಬೇಡಿಕೆ, ಸೌಟು. ನಳವಿರುವ ಕೊಡ ಎಲ್ಲಿ ಸಿಗುತ್ತದೋ ನನಗೆ ಗೊತ್ತಿರಲಿಲ್ಲ. ಸೌಟು ಸಂತೆಯಲ್ಲೇ ಸಿಗುತ್ತಿತ್ತು. ಅವರ ಹೆಸರಿನಲ್ಲಿ ನನ್ನ ಮಾತು ಬರೆದು ಊಟಕ್ಕೆ ಎದ್ದಿದ್ದೆ. ನಿಜ ಹೇಳುತ್ತೇನೆ, ಬಹಳ ನಾಚಿಕೆಯಾಯಿತು.

ಸೌಟು ಸೋತಿದೆ, ತಪ್ಪು ನರ್ಸಮ್ಮನದಲ್ಲ, ಬರೆದುಕೊಂಡವನದು ಎಂದು ವರದಿ ಕಳಿಸಿದೆ. ಗಿರಿಜಾಳ ಕೆಲಸ ಉಳಿಯಿತು. ಮರುವರ್ಷ ನಳವಿರುವ ಕೊಡಗಳು ಆ ಊರಿಗೂ ಬಂದವು, ಸೊರಬದ ಕಡೆಗೂ ಹೋದವು. ಸಭೆಗಳಲ್ಲಿ ಬರೆದುಕೊಳ್ಳುವ ಕೆಲಸವನ್ನು ಮಾತ್ರ ನನ್ನಿಂದ ಬಿಡಿಸಿದರು. ನಾನು ಕೊನೆಯ ಸಲ ಊರಿಗೆ ಹೋದಾಗ ಬಸಮ್ಮಜ್ಜಿ ಈ ಸೌಟನ್ನು ನನ್ನ ಚೀಲಕ್ಕೆ ತುರುಕಿ, "ಬೇಕಾಗಿದ್ದು ನಿನಗಲ್ಲೇನು, ಇಟ್ಕಾ" ಎಂದಳು.

ಅಟ್ಟದಿಂದ ಇಳಿದು ಹೆಂಡತಿಯನ್ನು, "ಆಗ ಏನು ಹೇಳಿದೆ?" ಎಂದು ಕೇಳಿದೆ.

"ತೊಗರಿಬೇಳೆ."

ಕಡಲೆಬೇಳೆ ಹೊಡೆದುಹಾಕಿ ತೊಗರಿಬೇಳೆ ಎಂದು ಬರೆದೆ. ಬರೆದದ್ದನ್ನು ಅವಳಿಗೆ ಓದಿ ತೋರಿಸಿ, ಸರಿಯಾಗಿದೆಯೇ ಎಂದೂ ಕೇಳಿದೆ. ಅವಳು ಒಲೆ ಆರಿಸಿ ಹತ್ತಿರ ಬಂದು ನನ್ನ ತಲೆ ಸವರಿ ನೋಡಿದಳು.

"ಸೌಟು ಜೋರಾಗಿ ಬಿತ್ತೇನ್ರೀ?"