ಹರಿಹರಕ್ಕೆ ಹೊರಟ ಸ್ಕೂಟರ್

ಎಪ್ಪತ್ತರ ದಶಕದ ಕೊನೆಯಲ್ಲಿ ನಮ್ಮ ವಾಣಿಜ್ಯ ಅಧ್ಯಾಪಕರ ಸಂಘಕ್ಕೆ ಒಬ್ಬರು ಅಧ್ಯಕ್ಷರಿದ್ದರು. ಅವರು ಕುರ್ಚಿಯಲ್ಲಿ ಕೂತದ್ದನ್ನು ನಾನು ನೋಡಿದ ನೆನಪಿಲ್ಲ. ದಾವಣಗೆರೆಯ ಕಾಲೇಜೊಂದರ ಸ್ಟಾಫ್ ರೂಮಿನಲ್ಲಿ ನಾವು ಮಂಡಕ್ಕಿ, ಮೆಣಸಿನಕಾಯಿ ತಿನ್ನುತ್ತಿದ್ದರೆ, ಅವರು ಕನ್ನಡಕ ತೆಗೆಯುತ್ತ, ಮತ್ತೆ ಹಾಕಿಕೊಳ್ಳುತ್ತ, ಬಾಗಿಲಿಗೂ ಕಿಟಕಿಗೂ ಅಲೆಯುತ್ತ ತಲೆ ಎಣಿಸುತ್ತಿದ್ದರು.

"ಕೋರಂ ಐತೇನ್ರಿ?"

ನಿಯಮದಷ್ಟು ಸದಸ್ಯರು ಸೇರದಿದ್ದರೆ ಸಭೆಯೇ ಇಲ್ಲ, ಎಲ್ಲರೂ ಮನೆಗೆ. ಹೀಗೆ ವಾಪಸು ಹೋಗಿ ಹೋಗಿ ಬೇಸತ್ತು ನಾವು ಒಂದು ಭಾನುವಾರ ಅವರ ಮೇಲೆಯೇ ಅವಿಶ್ವಾಸ ಗೊತ್ತುವಳಿ ತಂದೆವು.

ಅವತ್ತೂ ಒಬ್ಬರು ಕಡಿಮೆ. ಗೊತ್ತುವಳಿ ಬರೆದ ಹರಿಹರದ ಮೇಷ್ಟ್ರೇ ಬಂದಿರಲಿಲ್ಲ. ಅಧ್ಯಕ್ಷರು ಸುಮ್ಮನಿದ್ದಿದ್ದರೆ ಅವರ ಸ್ಥಾನ ಉಳಿಯುತ್ತಿತ್ತು.

"ಬಿಡ್ರಿ ಸಾರ್, ಮುಂದಿನ ತಿಂಗ್ಳು ನೋಡಾಣ" ಎಂದೆ.

"ಕೋರಂ ಇಲ್ದೆ ನನ್ನ ಇಟ್ಕಳಾಕೂ ಬರಲ್ಲ, ತೆಗಿಯಾಕೂ ಬರಲ್ಲ ಕಣ್ರಿ" ಎನ್ನುತ್ತಲೇ ಸ್ಕೂಟರ್ ಏರಿ ಹೊರಟರು.

ಹರಿಹರದವರನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಬಂದರು. ಕೈ ಎತ್ತಿಸಿ ತಾವೇ ಎಣಿಸಿದರು. ಸೋತದ್ದು ಒಂದೇ ಮತದಿಂದ. ಆ ಮತ ಬಂದದ್ದು ಅವರದೇ ಸ್ಕೂಟರಿನಲ್ಲಿ.

ಮುಂದಿನ ಸಭೆಗೆ ಅವರು ಬರಲಾರರು ಅಂದುಕೊಂಡಿದ್ದೆವು. ಹೊಸ ಅಧ್ಯಕ್ಷರು ಎದ್ದು ಗಂಟಲು ಸರಿಮಾಡಿಕೊಂಡರು. ಬಾಗಿಲ ಬಳಿಯಿಂದ ಅದೇ ದನಿ ಕೇಳಿತು.

"ಕೋರಂ ಐತೇನ್ರಿ?"

ಎಲ್ಲರೂ ತಲೆ ಎಣಿಸಿದೆವು. ಒಬ್ಬರು ಕಡಿಮೆಯಿದ್ದರು. ಹಾಗೆಂದು ಹೇಳಲು ಬಾಗಿಲ ಕಡೆ ತಿರುಗುವಷ್ಟರಲ್ಲಿ ಹೊರಗೆ ಸ್ಕೂಟರ್ ಸ್ಟಾರ್ಟ್ ಆಗಿತ್ತು.