ಹಳದಿಯಾಗಿ ಬಂದ ಬಿಳಿ ಅಕ್ಷರ

ಧಾರವಾಡದ ಒಂದು ಇಂಜಿನಿಯರಿಂಗ್ ಕಾಲೇಜಿನ ಲ್ಯಾಬಿನಲ್ಲಿ ದ್ರಾಕ್ಷಾಯಿಣಿ ಅಟೆಂಡರ್ ಆಗಿದ್ದಳು. ಬಾಗಿಲು ತೆರೆಯುವುದು, ಮೇಜು ಒರೆಸುವುದು, ಮೀಟರುಗಳನ್ನು ಎಣಿಸಿ ಕೊಟ್ಟು ಎಣಿಸಿ ಇಸಿದುಕೊಳ್ಳುವುದು. ಕಾಗದದ ಮೇಲೆ ಅವಳ ಕೆಲಸ ಅಷ್ಟೇ. ಆದರೆ ಅಲ್ಲಿ ಬೆಳಗುತ್ತಿದ್ದ ಆರು ಮಾನಿಟರುಗಳನ್ನು ಗುಜರಿ ಕೋಣೆಯಿಂದ ಎತ್ತಿ ತಂದು ಜೀವ ತುಂಬಿದವಳು ಅವಳೇ.

ಹೆಬ್ಬಳ್ಳಿಯ ಹುಡುಗಿ, ಏಳನೆಯ ಇಯತ್ತೆಗೆ ಶಾಲೆ ಬಿಟ್ಟವಳು. ತೊಂಬತ್ತೊಂದರಲ್ಲಿ ಮದುವೆಯಾಗಿ ಬಂದಾಗ ಗಂಡ ಮೈಲಾರಪ್ಪನಿಗೆ ಸಪ್ತಾಪುರದಲ್ಲಿ ಟಿವಿ ರಿಪೇರಿ ಅಂಗಡಿ ಇತ್ತು. ಬುತ್ತಿ ಕೊಡಲು ಹೋದವಳು ಸ್ಟೂಲು ಎಳೆದುಕೊಂಡು ಕೂತಳು. ಕೂತವಳು ಮತ್ತೆ ಏಳಲಿಲ್ಲ. ಮೈಲಾರಪ್ಪ ಬೆಸುಗೆ ಹಾಕುವಾಗ ತನ್ನಷ್ಟಕ್ಕೆ ತಾನೇ ಮಾತಾಡುವವನು. ಇಲ್ಲಿಂದ ಕರೆಂಟು ಬಂತು, ಇಲ್ಲಿ ಹೋಯಿತು, ಇಲ್ಲ್ಯಾಕೆ ನಿಂತಿತು ಎಂದು. ಅವಳು ಕಿವಿಯಲ್ಲೇ ಎಲ್ಲವನ್ನೂ ಕಟ್ಟಿಕೊಂಡಳು. ಎರಡು ವರ್ಷ ಕಳೆಯುವಷ್ಟರಲ್ಲಿ ಬಣ್ಣದ ಟಿವಿ ಬಂದರೆ ಅವನೇ ಅವಳ ಕಡೆ ಸರಿಸುತ್ತಿದ್ದ. ಮುಂದೆ ಕಂಪನಿಯವರೇ ಮನೆಗೆ ಬಂದು ರಿಪೇರಿ ಮಾಡತೊಡಗಿದರು, ಅಂಗಡಿ ಮುಚ್ಚಿತು. ಅವನು ಹುಬ್ಬಳ್ಳಿಯ ಒಂದು ಕಾರ್ಖಾನೆ ಸೇರಿದ, ಇವಳು ಕಾಲೇಜು ಸೇರಿದಳು.

ಎರಡು ಸಾವಿರದ ಐದರ ಬೇಸಿಗೆಯ ಮಾತಿದು. ಕೊನೆಯ ವರ್ಷದ ಮಾನಸಿ ಎಂಬ ಹುಡುಗಿ ಎಫ್‌ಪಿಜಿಎ ಬೋರ್ಡಿನ ಮೇಲೆ ಪ್ರಾಜೆಕ್ಟು ಮಾಡಿದ್ದಳು. ಬರೆದ ಪ್ರೋಗ್ರಾಮಿಗೆ ತಕ್ಕಂತೆ ತನ್ನ ಒಳಗಿನ ಜೋಡಣೆಯನ್ನೇ ಬದಲಿಸಿಕೊಳ್ಳುವ ಚಿಪ್ಪು ಅದು. ನಡುವೆ ಕಂಪ್ಯೂಟರೇ ಇಲ್ಲದೆ ಆ ಅಂಗೈಯಗಲದ ಬೋರ್ಡು ನೇರವಾಗಿ ಮಾನಿಟರಿಗೆ ಚಿತ್ರ ಕಳಿಸಬೇಕು: ನೀಲಿ ನೆಲ, ಅದರ ಮೇಲೆ ಬಿಳಿ ಅಕ್ಷರದಲ್ಲಿ ‘ಧಾರವಾಡ’. ಬೇರೆ ಊರಿನ ಪರೀಕ್ಷಕರು ಮರುದಿನವೇ ಬರುವವರಿದ್ದರು. ಹುಡುಗಿ ಸ್ವಿಚ್ ಒತ್ತಿದಳು. ನೆಲ ಕಪ್ಪಗೆ ಬಂತು, ಅಕ್ಷರ ಹಳದಿಯಾಗಿ ಬಂತು.

ಲ್ಯಾಬಿನ ಮುಖ್ಯಸ್ಥರಾದ ಬಿಂದುಮಾಧವ ಸರ್ ಬಂದು ನೋಡಿದರು. ಬಿಳಿಯಲ್ಲಿ ನೀಲಿ ಇಲ್ಲದಿದ್ದರೆ ಉಳಿಯುವುದು ಹಳದಿಯೇ, ಅದು ಅವರಿಗೆ ಗೊತ್ತು.

“ಮಾನಿಟರಿನ ನೀಲಿ ಹೋಗೇದ. ಗುಜರಿ ಮಾಲು ಎಷ್ಟು ದಿನ ಬಾಳೀತು? ನಾಳೆ ಆಫೀಸಿನಿಂದ ಹೊಸಾದು ತರಸೋಣ. ಈ ಆರೂ ಹೊರಗ ಹಾಕಿಸಿಬಿಡ್ರಿ.”

ಬಿರುಸಾಗಿ ಆಡಿದ ಮಾತಲ್ಲ. ಆದರೂ ದ್ರಾಕ್ಷಾಯಿಣಿಗೆ ಅದು ನಾಟಿತು. ಹೊರಗೆ ಹೋಗುವುದು ಮಾನಿಟರುಗಳಲ್ಲ, ಸ್ಟೂಲಿನ ಮೇಲೆ ಕೂತು ಕಲಿತ ಅಷ್ಟೂ ವರ್ಷದ ವಿದ್ಯೆ ಎನಿಸಿತು.

“ಒಂದ ತಾಸು ಕೊಡ್ರಿ ಸರ,” ಎಂದಳು. “ತಪ್ಪು ಇದರದ ಇತ್ತಂದ್ರ ನಾನ ತಲಿ ಮ್ಯಾಲೆ ಹೊತ್ತು ಗುಜರಿಗೆ ಹಾಕ್ತೇನಿ.”

ಸರ್ ನಕ್ಕು ಕೂತರು.

ಮೊದಲು ಆ ಮಾನಿಟರನ್ನು ಪಕ್ಕದ ಕಂಪ್ಯೂಟರಿಗೆ ಹಚ್ಚಿದಳು. ತೆರೆಯ ತುಂಬ ನೀಲಿ ಆಕಾಶ ಬಂತು. ಮಾನಿಟರು ಗಟ್ಟಿ. ಆಮೇಲೆ ಬೋರ್ಡಿನ ಕೇಬಲ್ಲಿಗೆ ಮೀಟರು ಹಿಡಿದಳು, ನೀಲಿಯ ತಂತಿಯೂ ಎಲ್ಲೂ ಕಡಿದಿರಲಿಲ್ಲ. ಮೂರನೆಯದಾಗಿ, ತಂತಿಯೊಳಗೆ ಓಡುವ ಸಿಗ್ನಲ್ಲನ್ನು ಗೆರೆಯಾಗಿ ತೋರಿಸುವ ಸ್ಕೋಪಿಗೆ ಅದೇ ತಂತಿಯನ್ನು ಸೇರಿಸಿದಳು. ಮೇಲೇರಿದ ಗೆರೆ ಎಲ್ಲಿಯೂ ಕೆಳಗಿಳಿಯದೆ ಎಳೆದು ಕಟ್ಟಿದ ಹಗ್ಗದಂತೆ ನೇರ ಹೋಗಿತ್ತು. ಅದನ್ನು ನೋಡಿದ್ದೇ ಅವಳ ಮುಖ ಅರಳಿತು.

ತೆರೆಯ ಮೇಲೆ ಚಿತ್ರ ಮೂಡುವುದು ಒಂದೊಂದೇ ಅಡ್ಡಸಾಲಾಗಿ. ಒಂದು ಸಾಲಿಗೆ ಎಷ್ಟು ಎಣಿಸುತ್ತೀ ಎಂದು ಮಾನಸಿಯನ್ನು ಕೇಳಿದಳು. ಎಂಟುನೂರು ಎಣಿಕೆ, ಅದರಲ್ಲಿ ಆರುನೂರಾ ನಲವತ್ತು ಚಿತ್ರಕ್ಕೆ ಎಂದಳು ಹುಡುಗಿ.

“ಉಳದದ್ದರಾಗ ಏನ ಕಳಸ್ತಿ?”

“ಅಲ್ಲೂ ನೀಲೀನ ಅಕ್ಕಾರ. ಅದು ಅಂಚಿನಾಚೆ ಹೋಗೂದು, ಯಾರಿಗೂ ಕಾಣೂದಿಲ್ಲಲ್ಲ, ಅದಕ್ಕ ಬಿಟ್ಟೆ.”

“ಮಂದಿಗೆ ಕಾಣೂದಿಲ್ಲ ತಂಗಿ, ಮಾನಿಟರಿಗೆ ಕಾಣತೈತಿ.” ದ್ರಾಕ್ಷಾಯಿಣಿ ಪಕ್ಕದಲ್ಲಿ ಕೂತಳು. “ನಮ್ಮವ್ವ ಮಂಗಳವಾರದ ಸಂತ್ಯಾಗ ಬದನಿಕಾಯಿ ಮಾರತಿದ್ಲು. ತೂಗೂಕಿಂತ ಮೊದಲ ಖಾಲಿ ತಕ್ಕಡಿ ಎತ್ತಿ ಎರಡೂ ಪರಡಿ ಸಮ ಅದಾವೇನು ಅಂತ ನೋಡಾಕಿ. ಇದೂ ಹಂಗ. ಒಂದೊಂದು ಸಾಲು ಮುಗಿದಾಗೂ ಕತ್ತಲಿ ಎಷ್ಟು ಅಂತ ಅಳಕೋತೈತಿ. ನೀ ಖಾಲಿ ಪರಡ್ಯಾಗ ನೀಲಿ ಇಟ್ಟಿ. ಅದು ಆ ನೀಲೀನ ಕತ್ತಲಿ ಅಂತ ತಿಳಕೊಂತು. ಮುಂದ ಎಷ್ಟು ನೀಲಿ ಸುರದ್ರೂ ತೂಕ ಸೊನ್ನಿ.”

ಮಾನಸಿ ಕೀಲಿಮಣೆಗೆ ತಿರುಗಿದಳು. ಚಿತ್ರದ ಎಣಿಕೆ ಮುಗಿದ ಮೇಲೆ ಮೂರೂ ಬಣ್ಣ ಸೊನ್ನೆ ಎಂದು ಪ್ರೋಗ್ರಾಮಿನಲ್ಲಿ ಒಂದು ಸಾಲು ಬರೆದು ಬೋರ್ಡಿಗೆ ತುಂಬಿದಳು. ಸ್ಕೋಪಿನ ಗೆರೆಯಲ್ಲಿ ಸಾಲು ಸಾಲಿಗೂ ಗುಂಡಿ ಬಿತ್ತು. ತೆರೆ ಒಮ್ಮೆ ಮಿಟುಕಿತು. ಹೊಸದಾಗಿ ಬಣ್ಣಕ್ಕೆ ಅದ್ದಿ ತೆಗೆದ ಇಳಕಲ್ ನೂಲಿನಂಥ ನೀಲಿ, ನಡುವೆ ಹಾಲಿನಂಥ ಬಿಳಿ: ‘ಧಾರವಾಡ’.

ಬಿಂದುಮಾಧವ ಸರ್ ಎದ್ದು ಬಂದು, ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡು ನೋಡಿದರು.

“ಇಪ್ಪತ್ತು ವರ್ಷ ಪಾಠ ಹೇಳೇನಿ. ನನಗ ಹೊಳೀಲಿಲ್ಲ ನೋಡ್ರಿ ಇದು.”

“ನೀವು ಪುಸ್ತಕ ತಗದು ನೋಡೀರಿ ಸರ, ನಾನು ಟಿವಿ ತಗದು ನೋಡೇನಿ.”

ಸರ್ ಜೋರಾಗಿ ನಕ್ಕರು. ಹೊರಗೆ ಹಾಕುವ ಮಾತನ್ನು ಅಲ್ಲಿಯೇ, ಹುಡುಗಿಯ ಎದುರೇ ಹಿಂದಕ್ಕೆ ತೆಗೆದುಕೊಂಡರು. ಮರುದಿನ ಪರೀಕ್ಷಕರು ಅದೇ ಮಾನಿಟರಿನಲ್ಲಿ ಚಿತ್ರ ನೋಡಿ, ಅಂಚಿನಲ್ಲಿ ಬಣ್ಣ ಯಾಕೆ ನಿಲ್ಲಿಸಿದ್ದೀ ಎಂದು ಕೆದಕಿದಾಗ ಮಾನಸಿ ತಡವರಿಸದೆ ಉತ್ತರ ಕೊಟ್ಟಳು.

ಅಲ್ಲಿಂದ ಮುಂದೆ ಪ್ರತಿ ವರ್ಷ ಆ ಬೋರ್ಡಿನ ಪಾಠದ ಮೊದಲ ತಾಸು ದ್ರಾಕ್ಷಾಯಿಣಿಯದು. ಸರ್ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದರು. ಅವಳು ಆರೂ ಮಾನಿಟರುಗಳ ಸ್ವಿಚ್ ಹಾಕಿ, ಸೆರಗು ಸಿಕ್ಕಿಸಿ ನಿಂತು ಹೇಳುತ್ತಿದ್ದಳು:

“ಮೊದಲ ಅಂಚಿನ ಕತ್ತಲಿ ಸ್ಕೋಪಿನ್ಯಾಗ ತೋರಸ್ರಿ. ಬಣ್ಣದ ಮಾತು ಆಮ್ಯಾಲೆ.”