ರಮಾನಿತ್ರ ಅಜ್ಜನ ಅಳತೆ ಹಗ್ಗ
ಭೂಮಾಪನ ಕಚೇರಿ ಸೇರಿದ ಹೊಸತರಲ್ಲಿ, ಅಲಾಓತ್ರ ಸರೋವರದ ಮೇಲಿನ ಗುಡ್ಡದಲ್ಲಿ ಹಗ್ಗ ಹಿಡಿದು ನೆಲ ಅಳೆಯುತ್ತಿದ್ದ ಮುದುಕನನ್ನು ರಾಜಧಾನಿಯಿಂದ ಬಂದ ಮೇಲಧಿಕಾರಿಯೆಂದು ತಿಳಿದು ನಾನು ಮೂರು ದಿನ ಕೈಕಟ್ಟಿ ನಿಂತು ವರದಿ ಒಪ್ಪಿಸಿದೆ; ಆತ ಮೂರು ದಿನವೂ ಗಂಭೀರವಾಗಿ ಕೇಳಿ, "ಅಕ್ಷರ ಇನ್ನೂ ದುಂಡಗಿರ್ಲಿ ಕಣಪ್ಪ" ಎಂದ. ನಮ್ಮ ಗುಡ್ಡಗಾಡಿನ ಊರೂರಿಗೂ ಮನೆತನದ ಗೋರಿ ಕಾಯುವ ಇಂಥ ಮುದುಕನೊಬ್ಬ ಇರುತ್ತಾನೆ. ಇಲ್ಲಿಯವನು ರಮಾನಿತ್ರ ಅಜ್ಜ. ಮಳೆ ಕೊರೆದ ಕೆಂಪು ಕಮರಿ ಅವನ ಮನೆತನದ ಗೋರಿಯತ್ತ ಬಾಯಿ ತೆರೆದುಕೊಂಡು ಬರುತ್ತಿದೆ. ಗೋರಿಯನ್ನೇ ಬೇರೆಡೆ ಸಾಗಿಸೋಣವೆಂದರೆ ಸುತ್ತಲಿನ ಗುಡ್ಡಗಳೂ ಬಿರಿದಿವೆ. ಅಜ್ಜ ದಿನಾ ಬೆಳಿಗ್ಗೆ ಗಂಜಿ ಕುಡಿದು ಬಂದು ಕಮರಿಗೂ ಗೋರಿಗೂ ನಡುವಿನ ಜಾಗ ಅಳೆದು, ಗೋರಿಯ ಬಾಗಿಲಿಗೆ ಗುಟುಕು ಸಾರಾಯಿ ಚೆಲ್ಲಿ, ಒಳಗಿನವರಿಗೆ ಕೂಗಿ ಹೇಳುತ್ತಾನೆ: "ಹನ್ನೊಂದು ಮಾರು! ಅತ್ತೆ, ಅಂಚಲ್ಲಿ ಮಲಗಿದೀಯ, ಒಳಗೆ ಸರ್ಕೋ!" ನಮ್ಮ ಈ ದ್ವೀಪ ಒಂದು ಕಾಲಕ್ಕೆ ಇಂಡಿಯಾಕ್ಕೆ ಅಂಟಿಕೊಂಡಿತ್ತೆಂದು ನಾನು ಓದಿದ್ದನ್ನು ಒದರಿದರೆ, "ಬಿಟ್ಟು ಬಂದಿದ್ದು ನಾವೋ ಅವರೋ?" ಎಂದು ಜಗಳಕ್ಕೇ ನಿಲ್ಲುತ್ತಾನೆ. ಏಳು ವರ್ಷಕ್ಕೊಮ್ಮೆ ಹಿರಿಯರ ಎಲುಬುಗಳನ್ನು ಹೊರತೆಗೆದು ಹೊಸ ರೇಷ್ಮೆ ಸುತ್ತುವ ದಿನ ಎಲ್ಲರಿಗಿಂತ ಜೋರಾಗಿ ಕುಣಿಯುವವನೂ ಅವನೇ. ಒಂದು ರೇಷ್ಮೆ ಮಾತ್ರ ಮಡಿಕೆ ಬಿಚ್ಚದೆ ಅವನ ಕಂಕುಳಲ್ಲೇ ಉಳಿಯುತ್ತದೆ. ಅದು ನೀಲಮಣಿ ಗಣಿ ಕುಸಿದು ಹೆಣವೂ ಸಿಗದೆ ಹೋದ ಮಗನದು. ಈ ಸಲ ಮಳೆಗಾಲ ಮುಗಿದಾಗ ಎರಡೇ ಮಾರು ಉಳಿದಿತ್ತು. ಸಂಬಳದ ಮನುಷ್ಯ ನಾನು, ನಕಾಶೆಯಿಂದ ಗೋರಿಯ ಗುರುತು ಅಳಿಸುವ ಮುಂಚೆ ಕೇಳಿಯೇಬಿಟ್ಟೆ: "ಉಳಿಯಲ್ಲ ಅಂತ ಗೊತ್ತಿದ್ದೂ ದಿನಾ ಯಾಕಜ್ಜ ಅಳೀತೀರಿ?" ಅಜ್ಜ ಹಗ್ಗ ಸುತ್ತುತ್ತ ಹೇಳಿದ: "ನನ್ನ ಮಗನ್ನ ಮಣ್ಣು ನುಂಗೋವಾಗ ನೋಡೋರು ಯಾರೂ ಇರ್ಲಿಲ್ಲ. ಇವರನ್ನ ನುಂಗೋವಾಗ ನಾನಾದ್ರೂ ನೋಡ್ತಿರ್ತೀನಿ."